ಮಡಿಲಿನ ಮೊಲ

ಕಾರು ನಿಲ್ಲಿಸಿ ಕಾಲು ಗಂಟೆಯಾಗಿತ್ತು, ಕ್ಲೆಮ್ ಪೆಂಗಿಲಿ ಇನ್ನೂ ಇಳಿದಿರಲಿಲ್ಲ. ಮಂಗಳವಾರದ ಬೆಳಗಿನ ಹತ್ತಕ್ಕೇ ಬಿಸಿಲು ಬಾನೆಟ್ಟಿನ ಮೇಲೆ ಕುಣಿಯುತ್ತಿತ್ತು. ವೃದ್ಧಾಶ್ರಮದ ಗೇಟಿನ ಪಕ್ಕದ ನೀಲಗಿರಿ ಮರದಲ್ಲಿ ಗಿಳಿಗಳು ಜಗಳವಾಡುತ್ತಿದ್ದವು. ಪಕ್ಕದ ಸೀಟಿನ ಮೇಲೆ ಅವನ ಹ್ಯಾಟು ಪ್ಲಾಸ್ಟಿಕ್ ಚೀಲದೊಳಗೆ ಬಾಯಿ ಬಿಗಿದು ಕಟ್ಟಿಸಿಕೊಂಡು ಕೂತಿತ್ತು. ಹನ್ನೊಂದು ದಿನದಿಂದ ಅದು ಹಾಗೇ ಕೂತಿದೆ. ಸುಟ್ಟುಹಾಕೋಣವೆಂದು ಎರಡು ಸಲ ಹಿತ್ತಲಿಗೆ ಒಯ್ದು ಎರಡು ಸಲವೂ ವಾಪಸು ತಂದಿದ್ದ. ಸುಟ್ಟರೆ ಒಪ್ಪಿಕೊಂಡಂತೆ, ಇಟ್ಟುಕೊಂಡರೆ ಮುಚ್ಚಿಟ್ಟಂತೆ, ಹಾಗಾಗಿ ಅದನ್ನು ಜೊತೆಯಲ್ಲೇ ಹೊತ್ತು ತಿರುಗುತ್ತಿದ್ದ. ಮೂವತ್ತೊಂಬತ್ತು ವರ್ಷ ಆ ಹ್ಯಾಟಿನಡಿಯಲ್ಲೇ ಅವನನ್ನು ಕಂಡಿದ್ದ ಮಿನ್ನಾಪಾರಾ ಊರಿನ ಜನಕ್ಕೆ ಬೋಳುತಲೆಯ ಈ ಮುದುಕ ಗುರುತು ಸಿಗುತ್ತಿರಲಿಲ್ಲ. ಪೆಟ್ರೋಲ್ ಹಾಕುವ ಹೆಂಗಸು ಇವತ್ತು ಬೆಳಿಗ್ಗೆ, ತಲೆ ಎಲ್ಲಿ ಬಿಟ್ಟು ಬಂದೆ ಕ್ಲೆಮ್ ಎಂದು ಕೇಳಿದ್ದಳು. ಅವನು ನಕ್ಕಿದ್ದ. ನಗು ಮುಗಿದ ಮೇಲೂ ಬಾಯಿ ಸ್ವಲ್ಪ ಹೊತ್ತು ಹಾಗೇ ತೆರೆದಿತ್ತು ಎಂಬುದು ಕನ್ನಡಿಯಲ್ಲಿ ಕಂಡು ನಾಚಿಕೆಯಾಗಿತ್ತು.

ಇಳಿಯಬೇಕು. ಒಳಗೆ ಎಲ್ವಾ ಇದ್ದಾಳೆ, ಅವನ ಹೆಂಡತಿ. ಅವಳ ಮಡಿಲಲ್ಲಿ ಬಿಸ್ಕತ್ತು ಇದೆ. ಬಿಸ್ಕತ್ತು ಎಂದರೆ ಆಶ್ರಮದವರು ಮುದುಕರ ಸಮಾಧಾನಕ್ಕೆಂದು ಸಾಕಿದ ಕಂದುಬಣ್ಣದ ಜೋಲುಕಿವಿಯ ಮೊಲ. ಎಲ್ಲರ ಮಡಿಲಿಗೂ ಸರದಿಯ ಮೇಲೆ ಹೋಗಬೇಕಾದದ್ದು ಎಲ್ವಾಳ ಮಡಿಲಿಗೆ ಬಂದು ಅಲ್ಲೇ ಉಳಿದುಬಿಟ್ಟಿತ್ತು. ಅದು ಬರುವ ಮೊದಲು ಎಲ್ವಾ ದಿನಕ್ಕೆ ಹತ್ತು ಸಲ ಗೇಟಿನವರೆಗೆ ನಡೆದು, ಸರಳು ಹಿಡಿದು, ಮನೆಗೆ ಕಳಿಸಿ ಎಂದು ಕೂಗುತ್ತಿದ್ದಳು. ಸಂಜೆಯ ಹೊತ್ತಿಗೆ ಗಂಟಲು ಒಡೆದು ಬರೀ ಗಾಳಿ ಬರುತ್ತಿತ್ತಂತೆ. ಮೊಲ ಬಂದ ದಿನದಿಂದ ಕೂಗು ನಿಂತಿತು. ಕೈ ಅದರ ಬೆನ್ನಿನ ಮೇಲೆ ಹೋಗುತ್ತ ಬರುತ್ತ ಇದ್ದರೆ ಅವಳಿಗೆ ಯಾವ ಮನೆಯೂ ಬೇಡ, ಯಾರೂ ಬೇಡ. ಗಂಡನೂ ಬೇಡ ಎಂಬುದು ಕ್ಲೆಮ್‌ಗೆ ಮೊದಮೊದಲು ಚುಚ್ಚಿತ್ತು, ಆಮೇಲೆ ಅಭ್ಯಾಸವಾಗಿತ್ತು. ಕೆಲಸವಿಲ್ಲದ ದಿನಗಳಲ್ಲಿ ಬಂದು ಅರ್ಧ ಗಂಟೆ ಕೂತು ಹೋಗುತ್ತಿದ್ದವನು ಕಳೆದ ಗುರುವಾರದಿಂದ ಇತ್ತ ತಲೆಹಾಕಿರಲಿಲ್ಲ. ಗುರುವಾರ ಬಿಸ್ಕತ್ತಿನ ಕಿವಿಯ ಬುಡದಲ್ಲಿ ಬಟಾಣಿಯಷ್ಟು ಗಂಟು ಅವನ ಬೆರಳಿಗೆ ಸಿಕ್ಕಿತ್ತು. ಗೀರಿಕೊಂಡಿರಬೇಕು ಎಂದು ತಾನೇ ಹೇಳಿ, ತಾನೇ ನಂಬಿ, ಮನೆಗೆ ಹೋಗಿ, ರಾತ್ರಿ ಊಟ ಬಿಟ್ಟಿದ್ದ. ಅಲ್ಲಿಂದ ಐದು ದಿನ ಬೆನ್ನುನೋವು, ಕಾರು ಕೆಟ್ಟಿದೆ, ಆಫೀಸಿಗೆ ರಾಜಧಾನಿಯಿಂದ ಜನ ಬರುತ್ತಿದ್ದಾರೆ ಎಂದು ಒಂದೊಂದು ನೆವ ಹೇಳಿದ. ಇವತ್ತು ಬೆಳಿಗ್ಗೆ ಆಶ್ರಮದ ನರ್ಸ್ ಮರಿಸೆಲ್ ಫೋನು ಮಾಡಿ, ಮೊಲ ಏನೂ ತಿನ್ನುತ್ತಿಲ್ಲ, ಊರಿಗೆಲ್ಲ ಮೊಲದ ಮನುಷ್ಯ ನೀವೇ, ಒಂದು ಸಲ ಬಂದು ನೋಡಿ ಎಂದಿದ್ದಳು.

ಮೊಲದ ಮನುಷ್ಯ. ಊರಿಂದ ಹದಿನೆಂಟು ಮೈಲಿ ಆಚೆ ಕೆಂಪು ಮರಳಿನ ಮೇಲೆ ಎರಡಾಳೆತ್ತರದ ಬೇಲಿ, ಬೇಲಿಯೊಳಗೆ ಇನ್ನೊಂದು ಬೇಲಿ, ಅದರೊಳಗೆ ಆರುನೂರು ಕಾಡುಮೊಲ. ಹೊಲ, ಹುಲ್ಲುಗಾವಲು ಮೇದು ದೇಶವನ್ನೇ ಬರಡು ಮಾಡುತ್ತಿದ್ದ ಮೊಲಗಳನ್ನು ಕಡಿಮೆ ಮಾಡಲು ಸರ್ಕಾರದ ಪ್ರಯೋಗ ಅದು. ಏಳು ವರ್ಷದಿಂದ ಕ್ಲೆಮ್‌ನ ಕೆಲಸ ವಾರಕ್ಕೆ ನಾಲ್ಕು ದಿನ ಅವುಗಳನ್ನು ಬೋನಿನಲ್ಲಿ ಹಿಡಿಯುವುದು, ಹೆಣ್ಣುಮೊಲಗಳ ಹೊಟ್ಟೆಯ ಮೇಲೆ ಬೆರಳಾಡಿಸಿ ಗಬ್ಬವಿದೆಯೋ ಇಲ್ಲವೋ ಹೇಳುವುದು, ಬಿಡುವುದು. ಬೇರೆಯವರು ಮೆಷಿನ್ ಇಟ್ಟು ನೋಡಿ ತಲೆ ಕೆರೆದುಕೊಳ್ಳುವಲ್ಲಿ ಅವನ ಬೆರಳು ದ್ರಾಕ್ಷಿಯಷ್ಟಿರುವ ಮರಿಗಳನ್ನು ಒಂದು, ಎರಡು, ಮೂರು ಎಂದು ಎಣಿಸಿಬಿಡುತ್ತಿತ್ತು. ಹೆಂಡದಂಗಡಿಯಲ್ಲಿ ಅವನಿಗೆ ದಿನಾ ಅದೇ ಮಾತು, ಇವತ್ತು ಎಷ್ಟು ಹೆಂಗಸರ ಹೊಟ್ಟೆ ಮುಟ್ಟಿ ಬಂದೆ ಕ್ಲೆಮ್, ಎಂದು. ಮೊಲ ಹಿಡಿದಾಗ ಅದರ ಮುಖಕ್ಕೆ ಬಟ್ಟೆಯ ಮುಸುಕು ಹಾಕಬೇಕು, ಮುಸುಕನ್ನು ದಿನಾ ಕುದಿಸಬೇಕು ಎಂದು ನಿಯಮ. ಕ್ಲೆಮ್ ಹ್ಯಾಟು ಹಾಕುತ್ತಿದ್ದ. ಕತ್ತಲೆಯಾದ ಕೂಡಲೇ ಮೊಲದ ಎದೆಬಡಿತ ಇಳಿಯುತ್ತದೆ, ಅದಕ್ಕೆ ಮುಸುಕಿಗಿಂತ ಹ್ಯಾಟೇ ವಾಸಿ. ಬೋನು ಹಾಕಿ ಬದುಕಿದವರೆಲ್ಲ ಮಾಡುತ್ತಿದ್ದದ್ದೂ ಅದನ್ನೇ. ಬೇಲಿಯಿಂದ ಹೊರಗೆ ಬರುವಾಗ ಮೇಲಂಗಿ, ಬೂಟು, ಕಾಲುಚೀಲ, ಕೈಗವಸು ಎಲ್ಲ ಒಳಗೇ ಬಿಟ್ಟು, ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು ಬರಬೇಕು. ಅದನ್ನೂ ಅವನು ಚಾಚೂ ತಪ್ಪದೆ ಮಾಡುತ್ತಿದ್ದ. ಸ್ನಾನಕ್ಕೆ ಹೋಗುವಾಗ ಹ್ಯಾಟನ್ನು ಹೊರಬಾಗಿಲ ಮೊಳೆಗೆ ನೇತುಹಾಕಿ, ಬಂದು ತಲೆಗಿಟ್ಟುಕೊಳ್ಳುತ್ತಿದ್ದ. ಏಳು ವರ್ಷದಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ಆ ಸೀಮೆಯಲ್ಲಿ ಹ್ಯಾಟನ್ನು ಯಾರೂ ಬಟ್ಟೆ ಎಂದುಕೊಳ್ಳುವುದಿಲ್ಲ, ಅದು ತಲೆಯ ಭಾಗ. ಬೋನು ಹಾಕಿ ಬದುಕುತ್ತಿದ್ದ ಎಲ್ವಾಳ ಅಪ್ಪ ಮದುವೆಗೆ ಕೊಟ್ಟ ಹ್ಯಾಟು ಅದು. ತಾನೇ ಹಿಡಿದ ಮೊಲಗಳ ತುಪ್ಪಳ ಕಳಿಸಿ ಮಾಡಿಸಿದ್ದು, ನಿನ್ನ ತಲೆಯ ಮೇಲೆ ಹದಿನಾಲ್ಕು ಮೊಲ ಕೂತಿವೆ ಎಂದು ಹೇಳಿ ನಕ್ಕಿದ್ದ ಮುದುಕ.

ಆ ಬೇಲಿಯೊಳಗೆ ಏನು ಮಾಡುತ್ತೀಯ ಎಂದು ಎಲ್ವಾ ಕೇಳಿದ್ದಳು, ಕೇಳಿದ್ದು ನೆನಪಿಟ್ಟುಕೊಳ್ಳಬಲ್ಲವಳಾಗಿದ್ದ ಕಾಲದಲ್ಲಿ. ಅಡುಗೆಮನೆಯಲ್ಲಿ ನಿಂತು ಅವನು ವಿವರಿಸಿದ್ದ. ಮೊಲಗಳನ್ನು ಕುರುಡು ಮಾಡಿ ಕೊಲ್ಲುವ ಹಳೆಯ ಕಣ್ಣುಬೇನೆಯ ವೈರಸ್ಸನ್ನೇ ಹಿಡಿದು, ಅದರ ಹಲ್ಲು ಮುರಿದು, ಅದರೊಳಗೆ ಮೊಲದ ಅಂಡಾಣುವಿನದ್ದೇ ಒಂದು ಚೂರು ಗುರುತನ್ನು ಹೊಲಿದಿದ್ದಾರೆ. ಚಿಗಟವೋ ಸೊಳ್ಳೆಯೋ ಕಚ್ಚಿ ಸೋಂಕು ತಗುಲಿದ ಹೆಣ್ಣುಮೊಲ ನಾಲ್ಕು ದಿನ ಮಂಕಾಗಿದ್ದು ಚೇತರಿಸಿಕೊಳ್ಳುತ್ತದೆ. ಅಷ್ಟರಲ್ಲಿ ಅದರ ಮೈ ತನ್ನ ಅಂಡಾಣುವನ್ನೇ ಶತ್ರು ಎಂದು ತಿಳಿಯಲು ಕಲಿತಿರುತ್ತದೆ. ಕೊಲ್ಲುವುದಿಲ್ಲ, ವಿಷವಿಲ್ಲ, ಗುಂಡಿಲ್ಲ, ಕರುಣೆಯ ದಾರಿ ಎಂದು ಪ್ರಯೋಗ ನಡೆಸುತ್ತಿದ್ದ ಡಾಕ್ಟರ್ ಮೊಫಟ್ ಹೇಳಿದ್ದನ್ನು ಅವನು ಹಾಗೇ ಒಪ್ಪಿಸಿದ್ದ. ಎಲ್ವಾ ಆಲೂಗಡ್ಡೆ ಸುಲಿಯುವುದು ನಿಲ್ಲಿಸಲಿಲ್ಲ. "ಅಂದ್ರೆ ಸಾಯಲ್ಲ, ಮರಿ ಹಾಕಲ್ಲ, ಅಷ್ಟೇ. ನಮ್ಮ ಹಾಗೆ," ಅಂದಿದ್ದಳು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವನಿಗೆ ಉತ್ತರ ಕೊಡಲು ಬರುತ್ತಿತ್ತು. ಮಾರನೆಯ ದಿನದಿಂದ ಬೆರಳಿಗೆ ಏನೂ ಸಿಗದ ಒಂದೊಂದು ಹೊಟ್ಟೆಯ ಹತ್ತಿರವೂ ಆ ಮಾತು ಬಂದು ನಿಲ್ಲುತ್ತಿತ್ತು. ಪುಸ್ತಕದಲ್ಲಿ 'ಖಾಲಿ' ಎಂದು ಬರೆಯುತ್ತಿದ್ದ. ಕೆಲಸ ಯಶಸ್ವಿಯಾಗುತ್ತಿದೆ ಎಂಬುದಕ್ಕೆ ಅದೇ ಗುರುತು.

ಕಾರಿನ ಬಾಗಿಲು ತೆರೆದು ಇಳಿದ. ಚೀಲವನ್ನು ಸೀಟಿನ ಕೆಳಗೆ ತುರುಕಿದ. ಕಾಡುಮೊಲಗಳು ಕಣ್ಣುಬೇನೆಗೆ ಐವತ್ತು ವರ್ಷ ಸತ್ತು ಸತ್ತು ಗಟ್ಟಿಯಾದವು, ಹಲ್ಲು ಮುರಿದ ವೈರಸ್ಸು ಅವುಗಳಿಗೆ ನೆಗಡಿಯಷ್ಟೇ. ಪಂಜರದಲ್ಲಿ ಹುಟ್ಟಿ ಪಂಜರದಲ್ಲಿ ಬೆಳೆದ ಜೋಲುಕಿವಿಯದಕ್ಕೆ ಸಾಯಲು ಅದೇ ಸಾಕು. ಇದು ಅವನಿಗೆ ಗೊತ್ತಿತ್ತು. ಆದರೆ ಈ ಬೇಸಿಗೆ ನದಿಯ ಉದ್ದಕ್ಕೂ ಹಳೆಯ ಕಣ್ಣುಬೇನೆಯೂ ತಾನಾಗಿ ಎದ್ದಿದೆ ಎಂಬುದೂ ಗೊತ್ತಿತ್ತು, ಸೊಳ್ಳೆ ಮುತ್ತಿಕೊಂಡಿವೆ, ಒಂದು ಸೊಳ್ಳೆ ಕಿಟಕಿಯಿಂದ ಒಳಗೆ ಬಂದಿದ್ದರೂ ಆಯಿತು. ಆ ಒಂದು ಸೊಳ್ಳೆಯನ್ನು ಐದು ದಿನದಿಂದ ಅವನು ದೇವರನ್ನು ಹಿಡಿದುಕೊಂಡ ಹಾಗೆ ಹಿಡಿದುಕೊಂಡಿದ್ದ. ಪ್ರಯೋಗಶಾಲೆಯಲ್ಲಿ ನೋಡಿದರೆ ಮಾತ್ರ ಹಳೆಯದೋ ಬೇಲಿಯೊಳಗಿನದೋ ಎಂದು ತಿಳಿಯುತ್ತದೆ. ನೋಡಿ ಎಂದು ಹೇಳಬೇಕಾದವನು ಅವನೇ.

ಮರಿಸೆಲ್ ಬಾಗಿಲಲ್ಲೇ ಸಿಕ್ಕಳು. ಗಿಡ್ಡ ಹೆಂಗಸು, ಫಿಲಿಪ್ಪೀನ್ಸಿನವಳು, ಓಡಾಡುವಾಗ ಬೂಟು ಚಿರಕ್ ಚಿರಕ್ ಎನ್ನುತ್ತಿತ್ತು. ನಡೆಯುತ್ತಲೇ ವರದಿ ಒಪ್ಪಿಸಿದಳು. ಕ್ಯಾರೆಟ್ ಮುಟ್ಟುತ್ತಿಲ್ಲ, ನಿನ್ನೆಯಿಂದ ನೀರೂ ಇಲ್ಲ, ಕಣ್ಣು ಅಂಟುತ್ತಿದೆ, ಬಿಸಿನೀರಲ್ಲಿ ಒರೆಸುತ್ತಿದ್ದೇವೆ. ಎಲ್ವಾ ಮಾತ್ರ ಬಿಡುತ್ತಿಲ್ಲ. ರಾತ್ರಿ ಪಂಜರಕ್ಕೆ ಹಾಕಲು ಹೋದರೆ ಕೈ ಕಚ್ಚಿದ್ದಾಳೆ. ಮರಿಸೆಲ್ ಮುಂಗೈ ತೋರಿಸಿದಳು, ನಾಲ್ಕು ಹಲ್ಲಿನ ಗುರುತಿತ್ತು. ಕ್ಲೆಮ್ ಅದಕ್ಕೆ ಕ್ಷಮೆ ಕೇಳಿದ. ಕೇಳಬೇಕಾದ ಕ್ಷಮೆಯಲ್ಲಿ ಒಂದು ಸಣ್ಣ ಕಂತು ತೀರಿದಂತೆ ಹಗುರವಾಗಿ, ಆ ಹಗುರಕ್ಕೇ ಮತ್ತೆ ಅಸಹ್ಯವಾಯಿತು.

ಎಲ್ವಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಬೆಳ್ಳಗಿನ ಕೂದಲನ್ನು ಯಾರೋ ಶಾಲೆಗೆ ಹೋಗುವ ಹುಡುಗಿಯ ಹಾಗೆ ಪಕ್ಕಕ್ಕೆ ಬಾಚಿ ಕ್ಲಿಪ್ಪು ಹಾಕಿದ್ದರು. ಕೈ ಹೋಗುತ್ತಿತ್ತು, ಬರುತ್ತಿತ್ತು. ಕೈಯ ಕೆಳಗೆ ಬಿಸ್ಕತ್ತು ಕೂತಿರಲಿಲ್ಲ, ಇಟ್ಟಂತಿತ್ತು. ಬಾಗಿಲಿಂದಲೇ ಕ್ಲೆಮ್‌ಗೆ ಗೊತ್ತಾಯಿತು. ರೆಪ್ಪೆ ಎರಡೂ ಊದಿ ಕೂಡಿಕೊಂಡಿವೆ, ಮೂಗು ದಪ್ಪ, ಕಿವಿಯ ಬುಡದಲ್ಲಿ ಗಂಟಿನ ಮೇಲೆ ಗಂಟು. ನೂರಾರು ನೋಡಿದವನಿಗೆ ಹತ್ತಿರ ಹೋಗುವ ಅಗತ್ಯವಿರಲಿಲ್ಲ. ಆದರೂ ಹೋದ, ಏಕೆಂದರೆ ಮರಿಸೆಲ್ ನೋಡುತ್ತಿದ್ದಳು.

"ಬಂದ್ಯಾ," ಅಂದಳು ಎಲ್ವಾ, ತಲೆ ಎತ್ತಿ. ಗುರುತು ಹಿಡಿದಳು ಎಂದುಕೊಂಡ. "ಎಷ್ಟು ದಿನದಿಂದ ಹೇಳ್ತಿದೀವಿ. ಅಗೋ ಅಲ್ಲಿ ಹರಿದಿದೆ ನೋಡು. ಸೊಳ್ಳೆ ಎಲ್ಲ ಒಳಗೇ ಸಂಸಾರ ಮಾಡ್ತಿವೆ."

ಕಿಟಕಿಯ ಜಾಲರಿ ರಿಪೇರಿಯವನು ಎಂದುಕೊಂಡಿದ್ದಳು. ಹೋದ ತಿಂಗಳು ಅವಳ ಪಾಲಿಗೆ ಅವನು ಪಾದ್ರಿಯಾಗಿದ್ದ, ಅದಕ್ಕೂ ಮೊದಲು ಯಾರೋ ಕೆನ್ ಆಗಿದ್ದ, ಆ ಕೆನ್ ಯಾರೆಂದು ಇವತ್ತಿಗೂ ತಿಳಿದಿಲ್ಲ. ಜಾಲರಿಯವನೇ ವಾಸಿ ಅನಿಸಿತು. ನಿಜವಾಗಿಯೂ ಕಿಟಕಿಯ ಜಾಲರಿ ಮೂಲೆಯಲ್ಲಿ ಗೇಣುದ್ದ ಹರಿದಿತ್ತು. ಕ್ಲೆಮ್ ಮೊಲವನ್ನು ಬಿಟ್ಟು ಅತ್ತಲೇ ನಡೆದ. ಹರಕಿನಲ್ಲಿ ಬೆರಳು ತೂರಿಸಿದ. ಎರಡು ಬೆರಳು ಸಲೀಸಾಗಿ ಹೋದವು. ಎಷ್ಟು ದೊಡ್ಡ ಹರಕು. ನದಿಯ ಸೊಳ್ಳೆಯೆಲ್ಲ ಸಾಲುಗಟ್ಟಿ ಬರಬಹುದು. ಅವನಿಗೆ ಅಳುವಷ್ಟು ಸಂತೋಷವಾಯಿತು. ದನಿಯನ್ನು ಎಷ್ಟು ಸಾಧ್ಯವೋ ಅಷ್ಟು ಸಾಧಾರಣ ಮಾಡಿಕೊಂಡು, ಇದು ಹರಿದು ತಿಂಗಳುಗಟ್ಟಲೆ ಆಗಿರಬೇಕಲ್ಲ ಎಂದು ಮರಿಸೆಲ್‌ಳನ್ನು ಕೇಳಿದ.

"ಅಯ್ಯೋ ಇಲ್ಲ ಕ್ಲೆಮ್ ಅವರೇ, ಮೊನ್ನೆ ಭಾನುವಾರದ ಗಾಳಿಗೆ ಹರಿದಿದ್ದು. ಜಾಲರಿ ಹಾಕಿ ಇನ್ನೂ ಆರು ತಿಂಗಳಾಗಿಲ್ಲ."

ಭಾನುವಾರ. ಗಂಟು ಸಿಕ್ಕಿದ್ದು ಗುರುವಾರ. ಬೆರಳನ್ನು ಹರಕಿನಿಂದ ಹಿಂದಕ್ಕೆ ತೆಗೆದುಕೊಳ್ಳಲೂ ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬೇರೆ ಕಿಟಕಿ ಇರಬಹುದು, ಬಾಗಿಲು ಇರಬಹುದು, ಬಟ್ಟೆ ಒಣಗಿಸುವ ಅಂಗಳಕ್ಕೆ ಯಾರಾದರೂ ಮೊಲವನ್ನು ಒಯ್ದಿರಬಹುದು, ಎಂದು ಮನಸ್ಸು ಇಲಿಯ ಹಾಗೆ ಗೋಡೆಯುದ್ದಕ್ಕೂ ಓಡಿತು. ಹನ್ನೊಂದು ದಿನದ ಹಿಂದಿನ ಶುಕ್ರವಾರ ಮಾತ್ರ ಅಲ್ಲೇ ಕೂತಿತ್ತು. ಮಧ್ಯಾಹ್ನ ಬೇಲಿಯ ಹತ್ತಿರ ಫೋನು ಬಂದಿತ್ತು, ಎಲ್ವಾ ಸ್ನಾನದಮನೆಯಲ್ಲಿ ಬಿದ್ದಳು, ಪೆಟ್ಟೇನಿಲ್ಲ, ಹೆದರಿದ್ದಾಳೆ ಎಂದು. ಸ್ನಾನ ಮಾಡಿದ್ದ, ಬಟ್ಟೆ ಬದಲಾಯಿಸಿದ್ದ. ಮೊಳೆಯಿಂದ ಹ್ಯಾಟು ತೆಗೆದು ತಲೆಗಿಟ್ಟುಕೊಂಡು, ಬೇಲಿಯ ಕೆಲಸ ಮಾಡಿದ ದಿನ ಬೇರೆ ಮೊಲದ ಹತ್ತಿರ ಸುಳಿಯಬಾರದೆಂಬ ನಿಯಮ ಮರೆತು, ನೇರ ಇಲ್ಲಿಗೆ ಬಂದಿದ್ದ. ಎಲ್ವಾ ಅವತ್ತು ಅವನನ್ನು ಗುರುತಿಸಿದ್ದಳು. ವರ್ಷದಲ್ಲಿ ಅದೊಂದೇ ಸಲ. ಹೆಸರು ಹೇಳಲಿಲ್ಲ, ಆದರೆ ಕೈ ಎತ್ತಿ ಅವನ ತಲೆಯಿಂದ ಹ್ಯಾಟು ತೆಗೆದು, ಅಪ್ಪನದು ಎಂದು ಹೇಳಿ, ಮೂಸಿ ನೋಡಿ, ಬಿಸ್ಕತ್ತಿನ ಮೇಲೆ ಬೋರಲು ಹಾಕಿದ್ದಳು. ಮೊಲ ಹ್ಯಾಟಿನೊಳಗೆ ತೆಪ್ಪಗೆ ಕೂತಿತು. ಇಬ್ಬರೂ ನಕ್ಕರು. ಅರ್ಧ ಗಂಟೆ ಅದು ಹಾಗೇ ಕೂತಿತ್ತು, ಅವನ ಕೈಯನ್ನು ಅವಳು ಹಿಡಿದುಕೊಂಡೇ ಇದ್ದಳು, ಎದ್ದು ಹ್ಯಾಟು ತೆಗೆಯಲು ಅವನಿಗೆ ಮನಸ್ಸಾಗಲಿಲ್ಲ. ಅವತ್ತು ಬೆಳಿಗ್ಗೆ ಆ ಹ್ಯಾಟಿನಡಿಯಲ್ಲಿ ಹತ್ತೊಂಬತ್ತು ಮೊಲಗಳು ಮುಖವಿಟ್ಟಿದ್ದವು. ಮನೆಗೆ ಹೋಗಿ ಒಳಪಟ್ಟಿಯನ್ನು ತಿರುಗಿಸಿ ನೋಡಿದಾಗ ಒಂದು ಚಿಗಟ ಕಾಣಿಸಿತ್ತು. ಉಗುರಲ್ಲಿ ಒತ್ತಿ ಸಾಯಿಸಿದ್ದ. ಒಂದೇ ಇದ್ದದ್ದು ಎಂದುಕೊಂಡಿದ್ದ.

ಮರಿಸೆಲ್ ಕೇಳುತ್ತಿದ್ದಳು, ಇದಕ್ಕೆ ಇಂಜೆಕ್ಷನ್ ಇಲ್ಲವೇ, ತನ್ನ ತಮ್ಮನ ಮಗಳು ಲಂಡನ್ನಿನಲ್ಲಿ ಮೊಲ ಸಾಕಿದ್ದಾಳೆ, ಅಲ್ಲಿ ವರ್ಷಕ್ಕೊಮ್ಮೆ ಚುಚ್ಚಿಸುತ್ತಾರಂತೆ. ಅಲ್ಲಿ ಕೊಡುತ್ತಾರೆ, ಇಲ್ಲಿ ಕೊಡುವ ಹಾಗಿಲ್ಲ ಎಂದ ಕ್ಲೆಮ್. ಸಾಕಿದವಕ್ಕೆ ಕೊಟ್ಟರೆ ಹೇಗಾದರೂ ಅದು ಕಾಡಿನವಕ್ಕೂ ತಲುಪಿ ಅವು ಗಟ್ಟಿಯಾಗಿಬಿಟ್ಟಾವು ಎಂಬ ಭಯ. ಮೂರು ವರ್ಷದ ಕೆಳಗೆ ಊರಿನ ಸಭೆಯಲ್ಲಿ ಒಬ್ಬ ಪುಟ್ಟ ಹುಡುಗಿ ಎದ್ದು ನಿಂತು ಇದೇ ಪ್ರಶ್ನೆ ಕೇಳಿದಾಗ ವೇದಿಕೆಯ ಮೇಲಿಂದ ಉತ್ತರ ಕೊಟ್ಟವನೂ ಅವನೇ. ದೇಶದ ಹಿತ ದೊಡ್ಡದು ಪುಟ್ಟೀ ಎಂದಿದ್ದ, ಜನ ಚಪ್ಪಾಳೆ ತಟ್ಟಿದ್ದರು, ಹುಡುಗಿ ಕೂತಿದ್ದಳು. ಅವಳು ಹೇಗೆ ಕೂತಳು, ಫ್ರಾಕನ್ನು ಮೊಣಕಾಲ ಕೆಳಗೆ ಹೇಗೆ ಎಳೆದುಕೊಂಡಳು ಎಂಬುದು ಈಗ ಕಣ್ಣಿಗೆ ಕಟ್ಟಿತು.

"ಹಾಗಾದ್ರೆ ಸಾಯುತ್ತಾ?" ಮರಿಸೆಲ್ ದನಿ ತಗ್ಗಿಸಿದಳು. "ಎಲ್ವಾ ಅವರಿಗೇನಂತ ಹೇಳೋಣ?"

ನೆಗಡಿ ಇರಬಹುದು, ಕಣ್ಣಿಗೆ ಹನಿ ಹಾಕಿ ನೋಡೋಣ ಎಂದ ಕ್ಲೆಮ್. ತನ್ನ ಬಾಯಿಂದ ಇದು ಬರುತ್ತಿದೆ ಎಂದು ಅವನಿಗೇ ನಂಬಿಕೆಯಾಗಲಿಲ್ಲ. ಮರಿಸೆಲ್ ಅವನನ್ನು ನಂಬಿದಳು. ಮೊಲದ ಮನುಷ್ಯ ಹೇಳಿದ ಮೇಲೆ ಮುಗಿಯಿತು. ಮುಖ ಅರಳಿಸಿಕೊಂಡು ಹನಿ ತರಲು ಹೋದಳು, ಬೂಟು ಚಿರಕ್ ಚಿರಕ್ ಎಂದು ದೂರವಾಯಿತು. ಅವನು ಮೇಜಿನ ಮೇಲಿದ್ದ ಔಷಧಿಯ ಟೇಪನ್ನು ಕಿತ್ತು ಜಾಲರಿಯ ಹರಕಿಗೆ ಅಡ್ಡಡ್ಡ ಅಂಟಿಸತೊಡಗಿದ. ಒಳಗಿನ ಸೊಳ್ಳೆ ಹೊರಗೆ ಹೋಗಬಾರದು. ಬಿಸ್ಕತ್ತನ್ನು ಕಚ್ಚಿದ ಒಂದು ಸೊಳ್ಳೆ ಈ ಹರಕಿನಿಂದ ಹೊರಬಿದ್ದರೆ ನಾಳೆ ನದಿದಂಡೆ, ನಾಡಿದ್ದು ಬಯಲು, ಬೇಲಿಯೇ ಇಲ್ಲದ ಇಡೀ ದೇಶ. ಭಾನುವಾರದಿಂದ ಎರಡು ಸಂಜೆ ಆಗಿಹೋಗಿವೆ. ಟೇಪು ಜಾಲರಿಗೆ ಹಿಡಿಯುತ್ತಿರಲಿಲ್ಲ, ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳುತ್ತಿತ್ತು. ಎಲ್ವಾ ಅವನ ಕೆಲಸವನ್ನು ಗಮನವಿಟ್ಟು ನೋಡಿ, ಹಿಂದಿನವನು ಇದಕ್ಕಿಂತ ಚೆನ್ನಾಗಿ ಮಾಡುತ್ತಿದ್ದ ಎಂದಳು.

ಫೋನು ಮಾಡಲು ಓಣಿಗೆ ಬಂದ. ಬಾಗಿಲು ಅರ್ಧ ತೆರೆದೇ ಇತ್ತು, ಅವಳ ಬೆನ್ನು, ಕುರ್ಚಿಯ ತೋಳು, ಹೋಗಿಬರುವ ಮೊಣಕೈ ಕಾಣಿಸುತ್ತಿತ್ತು. ಡಾಕ್ಟರ್ ಮೊಫಟ್ ಕೂಡಲೇ ಫೋನೆತ್ತಿದರು. ಹಿಂದೆ ಜನರ ದನಿ, ಕಪ್ಪುಬಸಿಗಳ ಸದ್ದು. ರಾಜಧಾನಿಯವರು ಬಂದಿದ್ದರು. ಹೊಸ ವೈರಸ್ಸನ್ನು ಬೇಲಿಯಿಂದ ಹೊರಗೆ ಬಿಡಲು ಒಪ್ಪಿಗೆ ಕೊಡುವ ಇಲ್ಲವೇ ಇಲ್ಲ ಎನ್ನುವ ಜನ, ಅದಕ್ಕಾಗಿ ಮೊಫಟ್ ಹತ್ತು ವರ್ಷ ಕಾದಿದ್ದರು. ವೃದ್ಧಾಶ್ರಮದ ಮೊಲಕ್ಕೆ ಕಣ್ಣುಬೇನೆ ಬಂದಿದೆ ಎಂದ ಕ್ಲೆಮ್. ಪಾಪ ಎಂದರು ಅವರು, ಈ ವರ್ಷ ನದಿಯುದ್ದಕ್ಕೂ ಅದೇ ಸುದ್ದಿ, ಹಳೆಯ ಪೀಡೆ, ನೀನು ಮುಟ್ಟಬೇಡ, ಪಶುವೈದ್ಯರನ್ನು ಕರೆಸಿ ಮುಗಿಸಿಬಿಡಲಿ, ಎಲ್ವಾ ಹೇಗಿದ್ದಾಳೆ, ಎಂದೆಲ್ಲ ಒಂದೇ ಉಸಿರಿಗೆ ಕೇಳಿದರು. ಅವರು ಒಳ್ಳೆಯವರು. ಎಲ್ವಾಳನ್ನು ಇಲ್ಲಿ ಸೇರಿಸಿದ ದಿನ ರಜೆ ಹಾಕಿ ಅವನ ಜೊತೆ ಬಂದು ಸಾಮಾನು ಇಳಿಸಿದ್ದರು. ಅವನು ಫೋನು ಇಡಲಿಲ್ಲ.

"ಕ್ಲೆಮ್, ನಂಗೆ ಗೊತ್ತಿರಬೇಕಾದ್ದು ಏನಾದ್ರೂ ಇದೆಯಾ?"

"ಇಲ್ಲ," ಅಂದ.

ಎಷ್ಟು ಸುಲಭವಾಗಿ ಬಂತು. ಎರಡು ತಿಂಗಳಲ್ಲಿ ನಿವೃತ್ತಿ. ಒಂದು ಮಾತು ಹೇಳಿದರೆ ಬೇಲಿಯೊಳಗಿನ ಆರುನೂರಕ್ಕೂ ವಿಷಾನಿಲ, ಮೊಫಟ್‌ರ ಹತ್ತು ವರ್ಷ ಮಣ್ಣು. ಗಂಟೆಯೊಳಗೆ ಬಿಳಿ ಅಂಗಿಯವರು ಬಂದು ಎಲ್ವಾಳ ಕೈಬೆರಳು ಒಂದೊಂದಾಗಿ ಬಿಡಿಸಿ ಬಿಸ್ಕತ್ತನ್ನು ಚೀಲಕ್ಕೆ ಹಾಕುತ್ತಾರೆ. ಹೇಳದಿದ್ದರೆ ಅದು ಇನ್ನು ಮೂರು ದಿನವೋ ನಾಲ್ಕು ದಿನವೋ ಅವಳ ಮಡಿಲಲ್ಲೇ ಕುರುಡಾಗಿ, ಮೂಗು ಕಟ್ಟಿ, ಬಾಯಿಂದ ಉಸಿರೆಳೆದು ಸಾಯುತ್ತದೆ. ಈ ಮೂರು ದಿನವನ್ನು ಅವಳಿಗೆ ಉಳಿಸುತ್ತಿದ್ದೇನೆ ಎಂದು ಹೇಳಿಕೊಂಡು ನೋಡಿದ. ಆ ಮಾತು ನಿಲ್ಲಲಿಲ್ಲ. ಉಳಿಸಿಕೊಳ್ಳುತ್ತಿದ್ದದ್ದು ತನ್ನನ್ನೇ. ಇದೇ ಎಲ್ವಾ ಹಿಂದೆ, ಹೆದ್ದಾರಿಯ ಪಕ್ಕದಲ್ಲಿ ಕಣ್ಣು ಊದಿದ ಮೊಲ ಕೂತದ್ದು ಕಂಡರೆ, ನಿಲ್ಲಿಸು ಎನ್ನುತ್ತಿದ್ದಳು. ಆ ಸೀಮೆಯ ಪದ್ಧತಿಯೇ ಹಾಗೆ, ಕಂಡವರು ನಿಲ್ಲಿಸಬೇಕು, ಇಳಿದು ಅದರ ಕಷ್ಟ ಮುಗಿಸಿ ಹೋಗಬೇಕು. ದಾಟಿ ಹೋದವನನ್ನು ಯಾರೂ ಬೈಯುವುದಿಲ್ಲ, ಆದರೆ ಮರೆಯುವುದೂ ಇಲ್ಲ. ಕ್ಲೆಮ್ ಕಾರು ನಿಲ್ಲಿಸುತ್ತಿದ್ದ, ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತ ಕೂರುತ್ತಿದ್ದ. ಇಳಿಯುತ್ತಿದ್ದವಳು ಅವಳು. ತಂಗಿಯ ಮದುವೆಗೆ ಹೋಗುವಾಗ ಬಿಳಿ ಬೂಟಿನಲ್ಲೇ ಇಳಿದಿದ್ದಳು. ಕೋಲಿಲ್ಲ, ಕಲ್ಲಿಲ್ಲ, ಬೋನಿನವನ ಮಗಳ ಕೈ, ಒಂದು ಸಲ ಎಳೆದು ಒಂದು ಸಲ ತಿರುಗಿಸಿದರೆ ಆಯಿತು. ಹುಲ್ಲಿಗೆ ಕೈ ಒರೆಸಿ ಬಂದು ಕೂತು, ಹೊರಡು ಎಂದಿದ್ದಳು. ಒಂಬತ್ತು ವರ್ಷದವಳಿದ್ದಾಗ, ಮೊದಲ ಸಲ ಕಣ್ಣುಬೇನೆ ಬಂದ ಬೇಸಿಗೆಯಲ್ಲಿ, ಬೆಳಗಿಂದ ಸಂಜೆಯವರೆಗೆ ಬಯಲಲ್ಲಿ ಇದೇ ಕೆಲಸ ಮಾಡಿದ್ದಳಂತೆ. ನಿನಗೆ ಹೇಗೆ ಮನಸ್ಸು ಬರುತ್ತದೆ ಎಂದು ಅವನು ಒಮ್ಮೆ ಕೇಳಿದಾಗ ಅವಳಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

ಫೋನು ಯಾವಾಗ ಕಟ್ಟಾಯಿತೋ ತಿಳಿಯಲಿಲ್ಲ. ಮತ್ತೆ ಒಳಗೆ ಬಂದ. ಕಿಟಕಿಯ ಟೇಪು ಅಷ್ಟರಲ್ಲಿ ಒಂದು ಕಡೆ ಬಿಟ್ಟುಕೊಂಡು ಗಾಳಿಗೆ ಆಡುತ್ತಿತ್ತು. ಎಲ್ವಾಳ ಕೈ ನಿಂತಿತ್ತು.

ಅದು ನಿಂತಿದ್ದನ್ನು ಅವನು ತಿಂಗಳುಗಳಿಂದ ನೋಡಿರಲಿಲ್ಲ. ಅವಳು ಬಿಸ್ಕತ್ತನ್ನು ಎರಡೂ ಕೈಯಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಅದರ ಮುಖವನ್ನು ನೋಡುತ್ತಿದ್ದಳು. ಹೆಬ್ಬೆರಳಿಂದ ಒಂದು ರೆಪ್ಪೆಯನ್ನು ಒತ್ತಿದಳು, ಕೀವು ಬಂತು. ಇನ್ನೊಂದು ರೆಪ್ಪೆ ಒತ್ತಿದಳು. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ, ದುಃಖ ಇರಲಿಲ್ಲ, ಹಳೆಯ ಕೆಲಸವೊಂದನ್ನು ಗುರುತಿಸಿದ ಮುಖವದು. ಕ್ಲೆಮ್‌ಗೆ ಏನಾಗುತ್ತಿದೆ ಎಂದು ಹೊಳೆಯಿತು, ಎರಡು ಹೆಜ್ಜೆ ಇಟ್ಟರೆ ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಅವಳು ಮೊಲವನ್ನು ಮೊಣಕಾಲ ಮೇಲೆ ತಂದು, ಎಡಗೈಯಲ್ಲಿ ಹಿಂಗಾಲು ಸೇರಿಸಿ ಹಿಡಿದು, ಬಲಗೈಯನ್ನು ಕಿವಿಯ ಹಿಂದೆ ಇಟ್ಟಳು. ಒಂದು ಸಲ ಎಳೆದಳು, ಒಂದು ಸಲ ತಿರುಗಿಸಿದಳು. ಸಣ್ಣ ಕಡ್ಡಿ ಮುರಿದಷ್ಟು ಸದ್ದು. ಹಿಂಗಾಲು ಎರಡು ಸಲ ಒದೆದು ಸುಮ್ಮನಾಯಿತು. ಕೈಯನ್ನು ಲಂಗದ ಅಂಚಿಗೆ, ಹುಲ್ಲಿಗೆ ಒರೆಸಿದ ಹಾಗೆ, ಹಿಂದೆ ಮುಂದೆ ಒರೆಸಿಕೊಂಡಳು.

ಆಮೇಲೆ ಅವನ ಕಡೆ ತಿರುಗಿದಳು. ಇಷ್ಟು ತಿಳಿಯಾದ ಕಣ್ಣಿಂದ ಅವಳು ಅವನನ್ನು ನೋಡಿ ಎರಡು ವರ್ಷವಾಗಿತ್ತು.

"ಇದನ್ನ ಇಷ್ಟು ದಿನ ಹೀಗೇ ಬಿಟ್ಟಿದ್ದು ಯಾರು?" ಅಂದಳು. "ಕಣ್ಣು ಪೂರ್ತಿ ಹೋಗೋ ತನಕ. ಯಾರೋ ನೋಡಿದಾರೆ, ನೋಡಿ ದಾಟ್ಕೊಂಡು ಹೋಗಿದಾರೆ."

ಹಿಂಗಾಲು ಹಿಡಿದು ಮೊಲವನ್ನು ಅವನ ಕಡೆ ಚಾಚಿದಳು, ಬೋನಿನ ಸಾಲಿನಲ್ಲಿ ಹಿಂದಿನವನಿಗೆ ಕೊಡುವ ಹಾಗೆ. ಅವನು ತೆಗೆದುಕೊಂಡ. ಇನ್ನೂ ಬೆಚ್ಚಗಿತ್ತು. ಬೆರಳುಗಳು ಅವನ ಅಪ್ಪಣೆ ಕೇಳದೆ ಅದರ ಹೊಟ್ಟೆಯ ಮೇಲೆ ಹೋಗಿ, ಅಭ್ಯಾಸದಂತೆ ತಡವಿ, ಖಾಲಿ ಎಂದು ಹೇಳಿದವು.

"ನಾನೇ ಎಲ್ವಾ," ಅಂದ. "ಬಿಟ್ಟಿದ್ದು ನಾನೇ. ಗುರುವಾರದಿಂದ ಗೊತ್ತಿತ್ತು. ತಂದಿದ್ದೂ ನಾನೇ, ಹ್ಯಾಟಲ್ಲಿ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೈಯಲಿ ಎಂದು ಅವನು ಕಾದ. ಬೈದರೆ ಸಾಕಿತ್ತು, ಎಲ್ಲವನ್ನೂ ಅಲ್ಲಿಂದ ಶುರುಮಾಡಬಹುದಿತ್ತು.

"ಹೋಗ್ಲಿ ಬಿಡು," ಅಂದಳು ಎಲ್ವಾ, ಮೆತ್ತಗೆ. "ನೀನು ಜಾಲರಿಯವನು, ನಿಂಗೇನು ಗೊತ್ತಾಗುತ್ತೆ. ಇನ್ನೊಂದ್ಸಲ ಕಂಡ್ರೆ ಕಾಯ್ತಾ ಕೂರಬೇಡ."

ಕಿಟಕಿಯ ಕಡೆ ತಿರುಗಿ ಕೂತಳು. ಹೊರಗೆ ಗಿಳಿಗಳ ಜಗಳ ಇನ್ನೂ ನಡೆದಿತ್ತು. ಕ್ಲೆಮ್ ಒಂದು ತೋಳಿನಲ್ಲಿ ಬಿಸ್ಕತ್ತನ್ನು ಎದೆಗವಚಿಕೊಂಡು, ಅದರ ತಲೆ ಮೊಣಕೈಯ ಆಚೆ ಜೋತಾಡದಂತೆ ಸರಿಮಾಡಿ, ಇನ್ನೊಂದು ಕೈಯಲ್ಲಿ ಫೋನು ತೆಗೆದ. ಮೊಫಟ್‌ರ ಸಂಖ್ಯೆ ಒತ್ತಿದ. ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಆ ಕಡೆ ಗಂಟೆ ಬಡಿಯತೊಡಗಿತು. ಎಲ್ವಾಳ ಕೈ ಮಡಿಲಿಗೆ ಇಳಿದದ್ದನ್ನು ಅವನು ನೋಡಿದ. ಕೈ ಲಂಗದ ಮೇಲೆ ಮುಂದೆ ಹೋಯಿತು, ಹಿಂದೆ ಬಂತು, ನಿಂತಿತು. ಕುರ್ಚಿಯ ತೋಳಿನ ಹತ್ತಿರ ತಡಕಿತು. ಅವಳು ಬಗ್ಗಿ ಕುರ್ಚಿಯ ಕೆಳಗೆ ನೋಡಿದಳು, ಎದ್ದು ನಿಂತು ಕೂತ ಜಾಗ ನೋಡಿದಳು.

"ಬಿಸ್ಕತ್ತೂ," ಎಂದು ಕರೆದಳು. ಸ್ವಲ್ಪ ತಡೆದು ಇನ್ನೊಂದು ಸಲ, ಜೋರಾಗಿ.

ಓಣಿಯಲ್ಲಿ ಮರಿಸೆಲ್‌ಳ ಬೂಟು ಹತ್ತಿರವಾಗುತ್ತಿತ್ತು, ಕಣ್ಣಿನ ಹನಿ ತರುತ್ತಿದ್ದಳು. ಫೋನಿನಲ್ಲಿ ಮೊಫಟ್, ಹೇಳು ಕ್ಲೆಮ್ ಎಂದರು. ಎಲ್ವಾ ಬಾಗಿಲ ಕಡೆ, ಗೇಟಿನ ಕಡೆ ನಡೆಯಲು ಶುರುಮಾಡಿದ್ದಳು. ಅವನ ಪಕ್ಕದಲ್ಲೇ ಹಾದುಹೋಗುವಾಗ ನಿಂತು, ಅವನ ತೋಳಿನಲ್ಲಿದ್ದದ್ದನ್ನು ನೋಡಿ, ನೀನು ನನ್ನ ಮೊಲ ನೋಡಿದೆಯಾ ಎಂದು ಕೇಳಿದಳು.